ಫಕೀರವ್ವ ಆಯಿಗೆ, ಗಾಲಿಗೆ ಕಾಲು ತಾಗುವ ಮುಂಚೆ

ನಿಲುಗಡೆ ಶಕೆ ನೂರ ಮೂವತ್ತೊಂದು, ವೈಶಾಖದ ತೊಂಬತ್ತನೆಯ ದಿನ, ಹುಬ್ಬಳ್ಳಿ

ಫಕೀರವ್ವ ಆಯಿಗೆ, ನಿನ್ನ ಮರಿಮೊಮ್ಮಗಳ ಮರಿಮೊಮ್ಮಗಳು ಸಾವಂತ್ರೆವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡ. ಬಿಸಿಲು ಇಳಿಯುವ ತನಕ ವೈಶಾಖ ಮುಗಿಯಿತೆಂದು ಯಾರೂ ಹೇಳಕೂಡದು ಅಂತ ನಮ್ಮ ಪಂಚಾಂಗದವರು ತೀರ್ಮಾನಿಸಿ ಬಹಳ ಕಾಲವಾಯಿತು. ಶಕೆಯನ್ನು ನಾವು ಎಣಿಸುವುದು ಎಣ್ಣೆ ತೀರಿ ಊರಿನ ಕಾರುಗಳೆಲ್ಲ ನಿಂತುಹೋದ ವರ್ಷದಿಂದ. ನನ್ನ ಮಾತಿನಲ್ಲಿ ನೀನು ಕೇಳದ ಪದಗಳು ಬಂದಾವು, ಹೊಟ್ಟೆಗೆ ಹಾಕಿಕೋ. ನಮಗೂ ಅವು ಅರ್ಥವಾದದ್ದು ಪೆಟ್ಟು ತಿಂದ ಮೇಲೆಯೇ. ಈ ಕಾಗದವನ್ನು ಮುರಿಗೆಪ್ಪ ಅಂಗಡಿಯವರ ಬಿಳಿ ಕಾರಿನ ವೈಪರ್ ಕೆಳಗೆ ಹೇಗಾದರೂ ಕೈ ಚಾಚಿ ಸಿಕ್ಕಿಸುತ್ತೇನೆ. ನಿನ್ನ ಕಾಲದಲ್ಲೂ ಅದು ಅಲ್ಲೇ ನಿಂತಿತ್ತು, ಈಗಲೂ ಅಲ್ಲೇ ನಿಂತಿದೆ. ನಡುವೆ ಎಲ್ಲಿಗೂ ಹೋಗಿಲ್ಲವಾದ್ದರಿಂದ ಕಾಗದ ನಿನಗೆ ಸಿಕ್ಕೀತು ಎಂಬ ಆಸೆ. ನಿನಗೆ ಓದಲು ಬಾರದಿದ್ದರೆ ಯಾರಿಂದಲಾದರೂ ಓದಿಸು, ಮುರಿಗೆಪ್ಪನ ಮನೆಯವರಿಂದ ಮಾತ್ರ ಬೇಡ.

ನಾಳೆ ಮುಂಜಾನೆ ನೀನು ಬಗಲಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಆ ಓಣಿಗೆ ಬರುತ್ತೀ. ಕಾರಿನ ಗಾಲಿಗೆ ನಿನ್ನ ಕಾಲು ತಾಗುತ್ತದೆ. ನೀನು ಬಗ್ಗಿ ಗಾಲಿಯನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೀ. ಮನುಷ್ಯರಿಗೆ, ಪುಸ್ತಕಕ್ಕೆ, ಕಡೆಗೆ ಕಸಬರಿಗೆಗೆ ಕಾಲು ತಾಗಿದರೂ ಹಾಗೆ ಮಾಡುವವಳು ನೀನು. ಆದರೆ ಆ ಕಾರಿನ ತಲೆಯ ಮೇಲೆ ಅಷ್ಟೊತ್ತಿಗಾಗಲೇ ಒಂದು ತಗ್ಗು ಬಿದ್ದಿರುತ್ತದೆ. ಅದನ್ನು ಬೀಳಿಸಿದ್ದು ಪಕ್ಕದ ಹಿತ್ತಲಿನ ತೆಂಗಿನಕಾಯಿ. ಕಾಯಿ ಒಡೆದು ಅಲ್ಲೇ ಬಿದ್ದಿತ್ತು, ಮುರಿಗೆಪ್ಪನ ಮನೆಯವರೇ ಅದನ್ನು ಒಳಗೊಯ್ದು ಚಟ್ನಿ ಮಾಡಿ ತಿಂದರು.

ಆಮೇಲೆ ಜಗಳ ಶುರುವಾಯಿತು. ಮುರಿಗೆಪ್ಪ ವಿಮಾ ಕಂಪನಿಯವರನ್ನು ಕೇಳಿದ. ಅವರು ಮರದವರನ್ನು ಕೇಳು ಎಂದರು. ಮರದವರು, ನಮ್ಮ ಮರದ ಕೆಳಗೆ ಬಂದು ನಿಲ್ಲಿಸು ಅಂತ ನಾವೇನು ವೀಳ್ಯ ಕೊಟ್ಟು ಕರೆದಿದ್ದೆವೇ ಎಂದರು. ಕಾಯಿ ಕಿತ್ತು ಒಗೆದದ್ದು ಮಂಗ ಎಂದು ಒಬ್ಬರು, ಮಂಗನಾದರೆ ಪಾಲಿಕೆಯನ್ನು ಕೇಳಿ ಎಂದು ಇನ್ನೊಬ್ಬರು. ಹೀಗೆ ಎಲ್ಲರೂ ಎಲ್ಲರ ಮೇಲೆ ಹಾಕುತ್ತಿರುವಾಗ ಯಾರೋ ಎದುರು ಮನೆಯ ಕ್ಯಾಮೆರಾ ತೆಗೆದು ನೋಡಿದರು. ಅದರಲ್ಲಿ ನೀನಿದ್ದೆ. “ನೋಡ್ರೀ, ಆಕಿನ ತಪ್ಪು ಒಪ್ಕೊಂಡಾಳ! ಏನೂ ಮಾಡದಾಕಿ ಕಣ್ಣಿಗ್ಯಾಕ ಒತ್ಕೋತಾಳ?” ಎಂದು ಮುರಿಗೆಪ್ಪ ಕೂಗಿದನಂತೆ. ಕಂಪನಿಯವರಿಗೂ ಮರದವರಿಗೂ ಪಾಲಿಕೆಯವರಿಗೂ ಒಟ್ಟಿಗೇ ಜೀವ ಬಂತು. ನಿನ್ನನ್ನು ಕರೆಸಿ ಕೇಳಿದಾಗ ನೀನು, “ಕಾಲು ಹತ್ತಿತ್ರೀ ಸಾಹೇಬ್ರ, ಅದಕ್ಕ ಒತ್ಕೊಂಡೆ. ಅದ್ರಾಗ ಏನೈತ್ರೀ?” ಎಂದೆ. ಕಾಲು ಹತ್ತಿತ್ತು ಎಂಬಷ್ಟನ್ನೇ ಅವರು ಬರೆದುಕೊಂಡರು. ಗಾಲಿಗೆ ತಾಗಿದ ಕಾಲು ಕಾರಿನ ತಲೆಯ ಮೇಲೆ ತಗ್ಗು ಹೇಗೆ ಬೀಳಿಸೀತು ಎಂದು ಒಬ್ಬನೇ ಒಬ್ಬ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಲ್ಲ, ಆದರೆ ಆ ಎಮ್ಮೆ ತಾನೇ ಬೆನ್ನು ತೋರಿಸಿತ್ತು ಎಂದು ಸೇರಿಸಿದ ಜನ ಇವರೇ.

ಆ ತೀರ್ಪು ಎಲ್ಲರಿಗೂ ಹಿಡಿಸಿತು, ಅದೇ ಊರಿಗೆಲ್ಲ ಕಾನೂನಾಯಿತು. ಈಗ ನಮ್ಮನ್ನು ಆಳುವುದು ಹೊಣೆಪೀಠ. ನಿಮ್ಮ ವಿಮಾ ಕಂಪನಿ, ಕೋರ್ಟು, ಪೊಲೀಸು ಮೂರನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದರೆ ಹೇಗೋ ಹಾಗೆ. ಕಣ್ಣಿಗೊತ್ತಿಕೊಳ್ಳುವುದಕ್ಕೆ ಪೀಠದ ಭಾಷೆಯಲ್ಲಿ ಒತ್ತೊಪ್ಪಿಗೆ ಎನ್ನುತ್ತಾರೆ, ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಒತ್ತಿಕೊಂಡವರ ವಂಶ ಕಾರಿನ ಹೊದಿಕೆಯಾಗಬೇಕು. ನಿಮ್ಮ ಕಾಲದಲ್ಲಿ ಕಾರಿಗೆ ಬಟ್ಟೆಯ ಹೊದಿಕೆ ಹಾಕುತ್ತಿದ್ದರಂತೆ. ಈಗ ನಾವೇ ಹೊದಿಕೆ. ಬಿಸಿಲು ಹತ್ತಿದಾಗ ಕಾರಿನ ಮೇಲೆ ಚಾಪೆ ಹಿಡಿದು ನಿಲ್ಲುತ್ತೇವೆ. ಗಾಳಿ ಎದ್ದಾಗ ಬಾಗಿಲಿಗೆ ಆತು ನಿಲ್ಲುತ್ತೇವೆ. ಆಲಿಕಲ್ಲು ಬಿದ್ದಾಗ ಅದರ ತಲೆಯ ಮೇಲೆ ಬೋರಲು ಮಲಗುತ್ತೇವೆ. ನಮ್ಮ ಎಲುಬು ಮುರಿದರೆ ಅದು ದೈವೇಚ್ಛೆ, ಕಾರಿಗೆ ಗೀರು ಬಿದ್ದರೆ ಅದು ಅಪರಾಧ. ಕಾರು ಓಡುವುದಿಲ್ಲ, ಗಾಲಿ ಮಣ್ಣಾಗಿದೆ, ಒಳಗೆ ಇಲಿ ಮರಿ ಹಾಕಿದೆ. ಆದರೂ ಖಂಡೇನವಮಿಗೆ ಚೆಂಡುಹೂವಿನ ಹಾರ ತಪ್ಪುವುದಿಲ್ಲ, ಹೋಳಿಗೆಯ ಎಡೆ ತಪ್ಪುವುದಿಲ್ಲ. ನಾವು ಉಣ್ಣುವುದು ಇಲಿ ಬಿಟ್ಟದ್ದನ್ನು. ತಗ್ಗನ್ನು ಒಂದು ಸುತ್ತಿಗೆ ಹಿಡಿದು ಸರಿ ಮಾಡಿದರೆ ಮುಗಿಯಿತಲ್ಲ ಎನ್ನುತ್ತೀಯೇನು? ನನ್ನ ಅಜ್ಜನೂ ಹಾಗೆಯೇ ಅಂದು ಸುತ್ತಿಗೆ ಎತ್ತಿದ್ದ. ತಗ್ಗು ಸಾಕ್ಷಿ, ವ್ಯಾಜ್ಯ ಮುಗಿಯುವ ತನಕ ಮುಟ್ಟಕೂಡದು ಎಂದು ಅವನ ಬೆರಳುಗಳ ಮೇಲೆ ಅದೇ ಸುತ್ತಿಗೆ ಇಳಿಸಿದರು.

ಈ ಋಣ ಹರಿಯಲು ಒಂದೇ ದಾರಿ. ಹೊದಿಕೆಯ ಮೈ ಸೋತಾಗ ಪೀಠದವರು ಮುಂದಿನ ತಲೆಮಾರಿನವರನ್ನು ಕರೆದು ಕಾಲ್ತಾಗಿಸುವ ಶಾಸ್ತ್ರ ಮಾಡುತ್ತಾರೆ. ಕಾರಿನ ಪಕ್ಕದಲ್ಲಿ ನಡೆಸಿ, ಗೊತ್ತಾಗದ ಹಾಗೆ ನೂಕಿ, ಕಾಲು ಗಾಲಿಗೆ ತಾಗುವಂತೆ ಮಾಡುತ್ತಾರೆ. ಕೈ ತಾನಾಗಿ ಕಣ್ಣಿಗೆ ಹೋದರೆ ತಪ್ಪು ರಕ್ತದಲ್ಲೇ ಇದೆ ಎಂದರ್ಥ, ಹೊದಿಕೆ ಅವರ ಪಾಲಿಗೆ. ಕೈ ಏಳದಿದ್ದರೆ ಅವರಿಗೆ ಬಿಡುಗಡೆ. ನನ್ನ ಅವ್ವನ ಕೈ ಎದ್ದಿತು. ನನ್ನದೂ ಎದ್ದಿತು. ಏನು ಮಾಡಲಿ ಆಯಿ, ಹಾಲು ಕುಡಿಯುವಾಗಲೇ ನೀವೆಲ್ಲ ಕಲಿಸಿಬಿಟ್ಟಿದ್ದಿರಿ.

ನನ್ನ ಮಗಳು ಬಾಳವ್ವನ ಕೈ ಏಳಬಾರದು ಎಂದು ಅವಳು ಹೊಟ್ಟೆಯಲ್ಲಿರುವಾಗಲೇ ನಿಶ್ಚಯಿಸಿದೆ. ನಡೆಯಲು ಕಲಿತ ದಿನದಿಂದ ಅವಳ ಬಲಗೈಯನ್ನು ಉಡಿದಾರಕ್ಕೆ ಕಟ್ಟಿದೆ. ಕಾಲು ತಾಗಿ ಕೈ ಮಿಸುಕಿದಾಗಲೆಲ್ಲ ಸೌಟು ಕಾಯಿಸಿ ಬರೆ ಎಳೆದೆ. ಅವಳು “ಯವ್ವಾ, ಇನ್ನೊಮ್ಮೆ ಮಾಡೂದಿಲ್ಲ ಬೇ” ಎಂದು ಕಾಲು ಹಿಡಿಯಲು ಬಂದರೆ, ಕಾಲು ಹಿಡಿದದ್ದಕ್ಕೇ ಇನ್ನೊಂದು ಎಳೆದೆ. ಹೊದಿಕೆಯ ಮನೆಗಳಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆ, ನಾನು ಸ್ವಲ್ಪ ಚೆನ್ನಾಗಿ ಮಾಡಿದೆ. ಇದೇ ವೈಶಾಖದ ಆಲಿಕಲ್ಲಿನಲ್ಲಿ ನನ್ನ ಸೊಂಟ ಮುರಿಯಿತು. ಕಾರಿಗೆ ಏನೂ ಆಗಲಿಲ್ಲ. ಮರುವಾರ ಪೀಠದವರು ಬಾಳವ್ವನನ್ನು ಕರೆದರು. ಕಾರಿನ ಪಕ್ಕದ ಚಾಪೆಯ ಮೇಲೆ ಬಿದ್ದುಕೊಂಡೇ ನಾನು ನೋಡಿದೆ. ಅವಳ ಕಾಲು ಗಾಲಿಗೆ ತಾಗಿತು. ಕೈ ಏಳಲಿಲ್ಲ. ಅವಳು ಕಾರನ್ನು ನೋಡಲೂ ಇಲ್ಲ, ನೆಟ್ಟಗೆ ನಡೆದಳು. ಸೊಂಟ ನೆಟ್ಟಗಿದ್ದರೆ ಅಂದು ಎದ್ದು ಕುಣಿಯುತ್ತಿದ್ದೆ. ಗೆದ್ದೆ ಆಯಿ, ನಿನ್ನಿಂದ ಹಿಡಿದು ಸೋತುಕೊಂಡೇ ಬಂದ ವಂಶದಲ್ಲಿ ನಾನೊಬ್ಬಳು ಗೆದ್ದೆ ಎಂದು ಅತ್ತೆ.

ಅಂಥ ಕೈ ಊರಿನಲ್ಲಿ ಅಪರೂಪವಂತೆ. ಪೀಠದವರು ಆ ದಿನವೇ ಅವಳನ್ನು ನೌಕರಿಗೆ ತೆಗೆದುಕೊಂಡರು, ಬೂಟು ಕೊಟ್ಟರು. ಬೇರೆ ಮನೆಗಳ ಮಕ್ಕಳನ್ನು ನೂಕಿ ಕಾಲು ತಾಗಿಸುವ ಕೆಲಸ ಈಗ ಅವಳದು. ಬಹಳ ನಾಜೂಕಾಗಿ ನೂಕುತ್ತಾಳೆ ಎಂದು ಹೊಗಳುತ್ತಾರೆ. ನನ್ನ ಬದಲಿಗೆ ಹೊದಿಕೆಯಾಗಲು ಇನ್ನು ಯಾರೂ ಇಲ್ಲವಾದ್ದರಿಂದ ನಾನು ಸಾಯುವ ತನಕ ನನ್ನ ಪಾಳಿ ಮುಗಿಯುವುದಿಲ್ಲ, ಅದಕ್ಕೇ ಇನ್ನೂ ಇಲ್ಲೇ ಬಿದ್ದಿದ್ದೇನೆ.

ಇವತ್ತು ಮಧ್ಯಾಹ್ನ ಅವಳು ಕಾರನ್ನು ತಪಾಸಣೆ ಮಾಡಲು ಬಂದಳು. ನಾನು ತಲೆ ಎತ್ತಿ, “ಬಾಳಿ, ಉಂಡಿಯೇನವ್ವಾ?” ಎಂದೆ. ಅವಳು ಕಾರಿನ ತಲೆಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದಳು. ಸುತ್ತಿ ಬರುವಾಗ ಅವಳ ಬೂಟು ನನ್ನ ಮುಖಕ್ಕೆ ತಾಗಿತು. ಬೇಕೆಂದು ಒದೆಯಲಿಲ್ಲ, ತಾಗಿತು ಅಷ್ಟೆ. ತುಟಿ ಒಡೆಯಿತು. ನಾನು ನೋವನ್ನು ಮರೆತು ಅವಳ ಕೈಯನ್ನೇ ನೋಡಿದೆ. ಈಗ ಬಗ್ಗುತ್ತಾಳೆ, ನನ್ನನ್ನು ಮುಟ್ಟುತ್ತಾಳೆ, ಹೆತ್ತವಳಲ್ಲವೇ, ಕಣ್ಣಿಗೊತ್ತಿಕೊಳ್ಳುತ್ತಾಳೆ ಎಂದು ಕಾದೆ. ಬರೆಗಳಿದ್ದ ಆ ಕೈ ಅವಳ ಪಕ್ಕದಲ್ಲೇ ಜೋತುಬಿದ್ದಿತ್ತು. “ಹೊಸಾ ತಗ್ಗಿಲ್ಲ, ಬರ್ಕೋರಿ” ಎಂದು ಜೊತೆಯವರಿಗೆ ಹೇಳಿ ಮುಂದಿನ ಕಾರಿಗೆ ಹೋದಳು.

ಆಯಿ, ನಾಳೆ ಕೈ ಎತ್ತಬೇಡ ಎಂದು ಬೇಡಿಕೊಳ್ಳಲು ಈ ಕಾಗದ ಶುರು ಮಾಡಿದ್ದೆ. ಈಗ ಬೇಡುವುದು ಬೇರೆ. ಗಡಿಗೆಯನ್ನು ಕೆಳಗಿಡು. ಸೆರಗು ಸೊಂಟಕ್ಕೆ ಸಿಕ್ಕಿಸಿಕೋ. ಆ ಕಾರನ್ನು ಒದಿ. ಬಾಗಿಲು ನುಗ್ಗಾಗುವ ಹಾಗೆ ಒದಿ, ಮುರಿಗೆಪ್ಪ ಪಂಚೆ ಎತ್ತಿಕೊಂಡು ಓಡಿ ಬರುವ ಹಾಗೆ ಒದಿ. ಹೇಗೂ ಶಿಕ್ಷೆ ತಪ್ಪುವುದಿಲ್ಲ, ಮಾಡಿದ ತಪ್ಪಿಗೇ ಆಗಲಿ.

ಒದ್ದ ಮೇಲೆ ಮಾತ್ರ ಎಂದಿನಂತೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೋ, ಮರೆಯಬೇಡ. ಪಕ್ಕದಲ್ಲಿ ನಿನ್ನ ಮಗಳಿದ್ದರೆ ಅವಳಿಗೂ ಕಲಿಸು, ಅವಳು ತನ್ನ ಮಗಳಿಗೆ ಕಲಿಸಲಿ. ಇಲ್ಲಿ ನನ್ನ ತುಟಿಯ ರಕ್ತ ಇನ್ನೂ ನಿಂತಿಲ್ಲ, ಒರೆಸಲು ಯಾರೂ ಇಲ್ಲ.

ನಿನ್ನ,
ಸಾವಂತ್ರೆವ್ವ