ಕುಂಕುಮದ ಕೆಳಗಿನ ನಂಬರು

ಬಳ್ಳಾರಿ
18 ನವೆಂಬರ್ 2007

ಮುದ್ದಿನ ಮಗಳು ಆಸ್ಫಿಯಾಗೆ ನಿನ್ನ ಅವ್ವ ಖೈರುನಬಿಯ ಸಲಾಮು, ದುವಾ.

ನಾವಿಬ್ಬರೂ ಇಲ್ಲಿ ಆರಾಮ. ನೀನು, ಅಳಿಯ ಶಾಕೀರ್, ನನ್ನ ಮೊಮ್ಮಗಳು ಸುಹಾನಾ ಸೊಲ್ಲಾಪುರದಲ್ಲಿ ಚೆನ್ನಾಗಿದ್ದೀರಿ ಎಂದು ತಿಳಿದಿದ್ದೇನೆ. ರಮಜಾನಿಗೆ ಮುಂಚೆ ನೀನು ಕಳಿಸಿದ ಚಾದರ ಬಂದು ಮುಟ್ಟಿತು, ಉತ್ತರ ಬರೆಯುತ್ತಿರುವುದು ಈಗ. ಬೈಯಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನಿನ್ನಪ್ಪನ ಮಾತು ತೆಗೆದರೆ ಸಾಕು, "ಒಲಿ ಮ್ಯಾಲ ಹಾಲು ಐತಿ, ಅವ್ವ" ಎಂದು ಇಟ್ಟುಬಿಡುತ್ತೀ. ನಿಮ್ಮ ಮನೆಯ ಹಾಲು ಯಾವಾಗಲೂ ಒಲೆಯ ಮೇಲೇ ಇರುತ್ತದೆ. ಕಾಗದವಾದರೆ ಹಾಲು ಇಳಿಸಿ ಓದಬಹುದು.

ಸುದ್ದಿ ಆ ಇಟಲಿ ಗಾಡಿಯದು.

ಈಗಿನ ಬಳ್ಳಾರಿ ನಿನಗೆ ಗುರುತು ಸಿಗಲಿಕ್ಕಿಲ್ಲ. ಗಣಿ ಧೂಳಿಗೆ ನಮ್ಮ ಗಾಂಧಿನಗರದ ಬೇವಿನ ಮರಗಳೂ ಕೆಂಪಾಗಿವೆ. ಮೊನ್ನೆಯವರೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದವರು ನೆಲಕ್ಕೆ ಅಂಟಿದಂಥ ಕಾರುಗಳಲ್ಲಿ ತಿರುಗುತ್ತಾರೆ, ರಸ್ತೆಯ ಉಬ್ಬು ಬಂದರೆ ಇಳಿದು ನೂಕುತ್ತಾರೆ. ಹೊಸ ಕಾರು ಎಲ್ಲರಿಗೂ ಆದ ಮೇಲೆ ಹಳೆಯದರ ಹುಚ್ಚು ಶುರುವಾಗಿದೆ. ಸಿರುಗುಪ್ಪದಲ್ಲಿ ಚಿದಾನಂದಪ್ಪ ಧಣಿಗಳ ರೈಸ್ ಮಿಲ್ಲಿನ ಗೋದಾಮಿನಲ್ಲಿ ಇಟಲಿಯ ಒಂದು ಆಲ್ಫಾ ರೋಮಿಯೋ ಕಾರು ಬಿದ್ದಿದೆ ಎಂಬ ಸುದ್ದಿ ಇಲ್ಲಿನ ಒಬ್ಬ ಗಣಿ ಸಾಹುಕಾರನ ಕಿವಿಗೆ ಬಿತ್ತು.

ಎರಡೇ ಸೀಟಿನ ಆ ಗಾಡಿ ನಿನಗೆ ನೆನಪಿದೆ. ಒಂದರಲ್ಲಿ ಸ್ಟೇರಿಂಗ್ ಹಿಡಿದ ನಿನ್ನಪ್ಪ, ಪಕ್ಕದಲ್ಲಿ ಧಣಿ. ನಾನೂ ಕೂರುತ್ತೇನೆಂದು ಸಣ್ಣವಳಿದ್ದಾಗ ನೀನು ಮಿಲ್ಲಿನ ಅಂಗಳದಲ್ಲಿ ಬಿದ್ದು ಹೊರಳಾಡಿದ್ದೆ. "ಅದು ಧಣ್ಯಾರ ಸೀಟು" ಎಂದು ಅಪ್ಪ ಎತ್ತಿಕೊಂಡು ಬಂದಿದ್ದರು. ಆಮೇಲಿನ ಕಥೆಯನ್ನು ನೀನು ಅರ್ಧ ಕೇಳಿದವಳು. ಪೂರ್ತಿ ಬರೆಯುತ್ತೇನೆ, ಕೇಳು.

ಧಣಿ ತೀರಿಹೋಗುವ ಹಿಂದಿನ ವರ್ಷ ಗಾಡಿ ರಿಪೇರಿಗೆಂದು ಬೊಂಬಾಯಿಗೆ ಹೋಯಿತು. ತೆಗೆದುಕೊಂಡು ಹೋಗಿ ತಂದವರು ನಿನ್ನಪ್ಪ. ಬಂದ ಮೇಲೆ ಗಾಡಿಯ ದನಿ ಬೇರೆಯಾಗಿತ್ತು. ಧಣಿ ಇರುವವರೆಗೆ ಯಾರೂ ಸೊಲ್ಲೆತ್ತಲಿಲ್ಲ. ಅವರು ಹೋದದ್ದೇ ತಡ, ಮಗ ಎರ್ರಿಸ್ವಾಮಿ, "ಇಟಲಿ ಇಂಜಿನ್ ಮಾರಿ ಬ್ಯಾರೆ ಇಂಜಿನ್ ಕುಂದ್ರಿಸ್ಯಾನ" ಎಂದ. ಇಂಜಿನ್ನಿನ ಮೇಲೆ ಹೊಡೆದಿರುವ ನಂಬರು ನೋಡಿ ಎಂದರು ನಿನ್ನಪ್ಪ. ನೋಡಿದರೆ ಆ ಜಾಗದಲ್ಲಿ ಬೆರಳು ದಪ್ಪ ಕುಂಕುಮ. ನಂಬರು ತಿಕ್ಕಿ ಅಳಿಸಿ ಮೇಲೆ ಕುಂಕುಮ ಮೆತ್ತಿದ್ದಾನೆ ಎಂದರು ಊರವರು.

ಅದನ್ನು ಹಚ್ಚಿದವರು ಧಣಿ. "ಮನಷ್ಯಾಗ ಹೆಸರಿದ್ದಂಗ ಗಾಡಿಗೆ ನಂಬರು. ಪೂಜಿ ಅದಕ್ಕ" ಎಂದು ಪ್ರತಿ ಆಯುಧಪೂಜೆಗೆ ಹರಳೆಣ್ಣೆಯಲ್ಲಿ ಕುಂಕುಮ ಕಲಸಿ ಅಲ್ಲೇ ಹಚ್ಚುತ್ತಿದ್ದರು, ಹಿಂದಿನದನ್ನು ಒರೆಸದೆ ಅದರ ಮೇಲೇ. ಇಂಜಿನ್ನಿನ ಬಿಸಿಗೆ ಅದು ಬೆಂದು ಹೆಂಚಿನಂತಾಗಿತ್ತು. ಕೆರೆದು ತೋರಿಸಿಬಿಡಿ ಎಂದು ನಾನು ಎಷ್ಟು ಜಗಳ ಕಾದೆ. "ಧಣ್ಯಾರು ಹಚ್ಚಿದ ಕುಂಕುಮ ಸಾಬರ ಡ್ರೈವರ್ ಕೆರದ ಅಂದ್ರ ಅದಕ್ಕೊಂದು ಬ್ಯಾರೆ ಮಾತು ಹುಟ್ಟತೈತಿ. ಬಿಡು" ಎಂದರು. ಕೆಲಸ ಹೋಯಿತು, ಬಳ್ಳಾರಿಗೆ ಬಂದೆವು. ಬಟ್ಟೆ ಅಂಗಡಿಯ ಬಾಗಿಲು ಕಾಯುವುದಕ್ಕೆ ಸೇರಿದವರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಈ ಗಣಿ ಸಾಹುಕಾರ ಹುಷಾರಿನವನು. ಗಾಡಿ ಅಸಲಿಯಾದರೆ ಮಾತ್ರ ಬೇಕು ಎಂದು, ಹಳೆಯ ಕಾರುಗಳನ್ನು ಪರೀಕ್ಷೆ ಮಾಡುವ ಒಬ್ಬರನ್ನು ಪುಣೆಯಿಂದ ಕರೆಸಿದ. ಅವರು ಅಯಸ್ಕಾಂತ ಹಿಡಿದು ಎಲ್ಲಿ ತಗಡು, ಎಲ್ಲಿ ತಗ್ಗಿಗೆ ಮೆತ್ತಿದ ಪುಟ್ಟಿ ಎಂದು ಇಡೀ ಗಾಡಿ ಸವರಿದರಂತೆ. ಗಾಜಿನ ಮೂಲೆಯ ಮುದ್ರೆ ಓದಿದರಂತೆ. ಬಾಡಿಯ ನಂಬರು ಸಿಕ್ಕಿತು. ಇಂಜಿನ್ನಿನ ಹತ್ತಿರ ಬಂದು ನಿಂತುಬಿಟ್ಟರು. ಹೀಗೆ ಮುಚ್ಚಿಟ್ಟ ಜಾಗದಲ್ಲಿ ಸಾಮಾನ್ಯವಾಗಿ ಕಳ್ಳ ನಂಬರೇ ಇರುತ್ತದೆ, ಆದರೂ ಇದನ್ನು ಬಲ್ಲವರು ಯಾರಾದರೂ ಇದ್ದರೆ ಕರೆಸಿ ಎಂದರಂತೆ. ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವ ಹಂಪಕ್ಕ, "ಹುಸೇನಬಾಷಾನ್ನ ಕೇಳ್ರಿ, ಇನ್ನಾ ಗಟ್ಟಿ ಅದಾನ" ಎಂದು ನಿನ್ನಪ್ಪನ ಹೆಸರು ಹೇಳಿದಳಂತೆ.

ಎರ್ರಿಸ್ವಾಮಿ ಕಾರು ಕಳಿಸಿದ. ನಿನ್ನಪ್ಪ ಬರುವುದಿಲ್ಲ ಎಂದು ಕೂತರು. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಳ್ಳೋರು ಮನ್ಯಾಗ ಕುಂದ್ರಲಿ. ನೀವ್ಯಾಕ ಕುಂದ್ರತೀರಿ?" ಎಂದು ನಾನೇ ಚಪ್ಪಲಿ ತಂದು ಮುಂದಿಟ್ಟೆ. ಜೊತೆಗೆ ನಾನೂ ಹತ್ತಿದೆ.

ಗೋದಾಮಿಗೆ ಧಣಿಯ ಹೆಂಡತಿ ಸಾವಂತ್ರಮ್ಮನವರೂ ಗೋಡೆ ಹಿಡಿದುಕೊಂಡು ಬಂದರು, ಪಾಪ, ಮಂಡಿ ನೋವು. ಗಾಡಿಯ ದನಿ ಬದಲಾದದ್ದು ಯಾಕೆ ಎಂದು ಪುಣೆಯವರು ಕೇಳಿದರು. "ಸೈಲೆನ್ಸರ್ ತೂತಾಗಿತ್ತರಿ. ಇಟಲೀದು ಸಿಗಲಿಲ್ಲ, ಬ್ಯಾರೆ ಗಾಡೀದು ಹಾಕಿಸಿದ್ವಿ. ಧಣ್ಯಾರಿಗೆ ಗೊತ್ತಿತ್ತು" ಎಂದರು ನಿನ್ನಪ್ಪ. ಪುಣೆಯವರು ಬಗ್ಗಿ ನೋಡಿ ಹೌದೆಂದು ತಲೆಯಾಡಿಸಿದರು. ಕುಂಕುಮದ ಕಥೆಯನ್ನೂ ಪೂರ್ತಿ ಕೇಳಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ನಿನ್ನಪ್ಪನ ಕಡೆ ಚಾಚಿದರು. ನಿನ್ನಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡರು.

ಆಗ ಸಾವಂತ್ರಮ್ಮ ಕೈ ಚಾಚಿದರು. "ಇಲ್ಲಿ ಕೊಡ್ರಿ. ಅವರು ಹೋದ ದಿನ ನನ್ನ ಹಣಿ ಕುಂಕುಮ ಮಂದಿ ಒರೆಸಿದ್ರು. ಇದನ್ನ ನಾನ ಒರೆಸ್ತೀನಿ."

ನಾನು ಅವರ ತೋಳು ಹಿಡಿದುಕೊಂಡೆ. ಒರೆಸಿದಷ್ಟೂ ಚಕ್ಕೆ ಚಕ್ಕೆಯಾಗಿ ಬಂತು. ಸುತ್ತಲಿನ ಕಬ್ಬಿಣ ತುಕ್ಕು ಹಿಡಿದು ಹೋಗಿತ್ತು. ಕುಂಕುಮದ ಕೆಳಗೆ ಮಾತ್ರ ಅಂಕಿಗಳು, ಹೊಸ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಹಾಕಿಸಿದ ಹಾಗೆ, ಒಂದೊಂದೂ ಎದ್ದು ಕಂಡವು. ಪುಣೆಯವರು ತೆಳುವಾದ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನಂಬರು ಇಳಿಸಿಕೊಂಡರು. ಅದನ್ನೂ ಬಾಡಿಯ ನಂಬರನ್ನೂ ಇಟಲಿಗೆ ಕಳಿಸಿದರು. ಗಾಡಿ ಅಲ್ಲಿಂದ ಹೊರಟಾಗ ಈ ಬಾಡಿಯಲ್ಲಿ ಇದೇ ಇಂಜಿನ್ ಇತ್ತು ಎಂದು ಈ ತಿಂಗಳು ಉತ್ತರ ಬಂದಿದೆ. ನಿನ್ನಪ್ಪ ಮಾರಿಲ್ಲ, ಆಸ್ಫಿಯಾ. ನನಗೆ ಇದನ್ನು ಇಟಲಿಯವರು ಹೇಳಬೇಕಾಗಿರಲಿಲ್ಲ, ಆದರೂ ಕೇಳಿ ಒಳಗೆ ಹೋಗಿ ಅತ್ತೆ.

ಮರುದಿನ ಎರ್ರಿಸ್ವಾಮಿ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. "ತಪ್ಪಾತು ಕಾಕಾ" ಎಂದ. ಅವನಿಗೆ ಹೇಳಬೇಕೆಂದು ಇಷ್ಟು ವರ್ಷ ಕೂಡಿಟ್ಟ ಮಾತುಗಳು ನನ್ನ ಹತ್ತಿರ ಇದ್ದವು, ಒಳ್ಳೆಯ ಮಾತುಗಳೇನಲ್ಲ. ನಿನ್ನಪ್ಪ "ಚಾ ಮಾಡು" ಎಂದುಬಿಟ್ಟರು. ಸಕ್ಕರೆ ಹಾಕದೆ ಕೊಟ್ಟೆ, ನನ್ನ ಕೈಲಾದದ್ದು ಅಷ್ಟೇ. ಅವನು ಅದನ್ನೂ ಕುಡಿದ.

ಗಾಡಿಯನ್ನು ಗಣಿ ಸಾಹುಕಾರ ಕೊಳ್ಳುತ್ತಿದ್ದಾನೆ, ಅದಕ್ಕೆ ಸಾವಂತ್ರಮ್ಮ ಒಂದು ಷರತ್ತು ಹಾಕಿದ್ದಾರೆ. ಗಾಡಿ ಲಾರಿಯ ಮೇಲೆ ಹೋಗಕೂಡದು, ಹುಸೇನಬಾಷಾನೇ ಬಳ್ಳಾರಿಯವರೆಗೆ ಓಡಿಸಿ ಒಪ್ಪಿಸಬೇಕು. ಬಕ್ರೀದಿನ ಹಿಂದಿನ ಭಾನುವಾರ ಎಂದು ಗೊತ್ತಾಗಿದೆ. ಕುರುಗೋಡಿನ ಮೇಲೆ ಹಾದು ಬನ್ನಿ, ನನ್ನ ತವರಿನವರೂ ನೋಡಲಿ ಎಂದೆ. ಸುತ್ತಾಗುತ್ತದೆ ಎಂದವರು ಒಪ್ಪಿಕೊಂಡರು. ಮೆಕ್ಯಾನಿಕ್ ಗಾಡಿ ರಿಪೇರಿ ಮಾಡಿಟ್ಟಿದ್ದಾನೆ, ಈಗ ವಾರಕ್ಕೊಮ್ಮೆ ಸಿರುಗುಪ್ಪಕ್ಕೆ ಹೋಗಿ ಗಾಡಿ ಶುರು ಮಾಡಿ ಅಂಗಳದಲ್ಲೇ ಸುತ್ತಿಸಿ ಬರುತ್ತಾರೆ. ಹೊಸ ಕನ್ನಡಕ ಮಾಡಿಸಿದ್ದಾರೆ. ಬಚ್ಚಲಲ್ಲಿ ಹಾಡುತ್ತಾರೆ, ಕೇಳಲಾಗುವುದಿಲ್ಲ. ಕೇಳುತ್ತಿದ್ದೇನೆ.

ಅಲ್ಲಾಹು ನಿಮ್ಮ ಮನೆ ತುಂಬಿಡಲಿ. ಶಾಕೀರನಿಗೆ ನಮ್ಮ ಸಲಾಮು ಹೇಳು. ಸುಹಾನಾಳ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ಅವ್ವ
ಖೈರುನಬಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಊರೆಲ್ಲ ಇಂಜಿನ್ ಕಳ್ಳ ಎಂದಾಗ ನಿನ್ನಪ್ಪ ನಕ್ಕು ಸುಮ್ಮನಾಗಿದ್ದರು. ಆ ಮಾತಿಗೇ ನಿನಗೆ ಗೊತ್ತಾಗಿದ್ದ ಹೊಸಪೇಟೆಯ ಸಂಬಂಧ ಮುರಿದ ದಿನ ನೀನು ಅವರ ಊಟದ ಮುಂದೆ ನಿಂತು, "ಅಪ್ಪಾ, ಖರೇನ ಮಾರೀಯೇನು?" ಎಂದು ಕೇಳಿದೆ. ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ಅಂದಿನಿಂದ ನಿಮ್ಮಿಬ್ಬರ ನಡುವೆ ನಾನೇ ಟಪಾಲಿನವಳು. ನಿನ್ನನ್ನು ಬೈಯುತ್ತಿಲ್ಲ, ಮನಸ್ಸು ಒಡೆದ ಹುಡುಗಿ ಕೇಳಿದ್ದು. ಆದರೆ ಅವರಿಗೆ ನೋವಾದದ್ದು ಅಲ್ಲಿ, ಸಿರುಗುಪ್ಪದಲ್ಲಲ್ಲ. ಮೊನ್ನೆ ಶುಕ್ರವಾರ ಗಾಡಿ ಶುರು ಮಾಡಿದಾಗ ಎರ್ರಿಸ್ವಾಮಿ ಪಕ್ಕದ ಸೀಟಿಗೆ ಕೂರಲು ಬಂದನಂತೆ. ನಿನ್ನಪ್ಪ ಹೆಗಲ ಮೇಲಿನ ಟವೆಲ್ ತೆಗೆದು, ಬಸ್ಸಿನ ಕಿಟಕಿಯಿಂದ ಸೀಟು ಹಿಡಿಯುತ್ತೇವಲ್ಲ ಹಾಗೆ, ಅದರ ಮೇಲೆ ಹಾಕಿದರಂತೆ. "ಇದು ಹಿಡದೈತಪ್ಪ, ಸೊಲ್ಲಾಪುರದಿಂದ ಬರೋರು ಅದಾರ" ಎಂದರಂತೆ. ಮನೆಗೆ ಬಂದಾಗ ಹೆಗಲು ಖಾಲಿ ಇತ್ತು. ಟವೆಲ್ಲನ್ನು ಸೀಟಿನ ಮೇಲೇ ಬಿಟ್ಟು ಬಂದಿದ್ದಾರೆ.