ಬೀದರಿನಿಂದ ಬೀದರಿಗೆ, ಒಂದು ದಿನದಲ್ಲಿ

ಹಿರಿಯೂರು
ಫೆಬ್ರುವರಿ ೩೦, ೨೨೧೯

ಒಂದೇ ದಿನದಲ್ಲಿ ಸಾವಿರದ ಆರುನೂರು ಕಿಲೋಮೀಟರ್ ಮೋಟಾರ್ ಸೈಕಲ್ ಓಡಿಸುವ ಹಿಂದಿನ ಕಾಲದ ಸವಾರರಿಗೆ, ನಿವೃತ್ತ ಮುಖ್ಯೋಪಾಧ್ಯಾಯಿನಿ ಚಂಪಕಾದೇವಿಯ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತು ದಿನ. ವರ್ಷದ ಕೊನೆಯಲ್ಲಿ ಮಿಗುವ ಐದು ದಿನಗಳು ಯಾವ ತಿಂಗಳಿಗೂ ಸೇರವು. ಈ ಪತ್ರದ ಕೆಲವು ಪದಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ಅವು ನಾನು ಹುಟ್ಟುವ ಮೊದಲೇ ಬಳಕೆಗೆ ಬಂದವು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿಯೂ ಅವುಗಳನ್ನು ಬದಲಿಸಲು ನನ್ನಿಂದಾಗಲಿಲ್ಲ, ಕ್ಷಮೆಯಿರಲಿ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಯು ನಿವೃತ್ತರಾದ ಪ್ರತಿಯೊಬ್ಬರಿಗೂ ಒಂದೇ ಒಂದು ಪತ್ರವನ್ನು ಅನುಮತಿಸುತ್ತದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಕಾಲದ ಜನ ತಾನೋಡಿಗಳಲ್ಲಿ ಪ್ರಯಾಣಿಸುತ್ತಾರೆ. ತಾನೋಡಿ ಎಂದರೆ ನಡೆಸುವವರಿಲ್ಲದೆ ತಾನೇ ಓಡುವ ಗಾಡಿ. ಅದರೊಳಗೆ ಸೊಪ್ಪು ಬಿಡಿಸುತ್ತಾರೆ, ಮಕ್ಕಳ ತಲೆ ಬಾಚುತ್ತಾರೆ, ಕಾಲು ಚಾಚಿ ಮಲಗುತ್ತಾರೆ. ಯಾವ ಊರು ದಾಟಿತೆಂದು ಕೇಳುವವರಿಲ್ಲ. ಕೈಯಿಂದ ನಡೆಸುವ ವಾಹನಗಳಿಗೆ ಉಳಿದಿರುವುದು ಒಂದೇ ರಸ್ತೆ, ಬೀದರಿನಿಂದ ಚಾಮರಾಜನಗರದವರೆಗಿನ ಎಂಟುನೂರು ಕಿಲೋಮೀಟರ್ ಕೈದಾರಿ. ಅಲ್ಲಿ ಓಡಿಸುವ ಪರವಾನಗಿಗೆ ಕೈಹಕ್ಕು ಎಂದು ಹೆಸರು. ಅರವತ್ತು ತುಂಬಿದೊಡನೆ ಕೈಹಕ್ಕು ಮುಗಿಯುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಬೀದರಿನಿಂದ ಹೊರಟು, ಚಾಮರಾಜನಗರ ಮುಟ್ಟಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಬೀದರಿಗೆ ಮರಳಬೇಕು. ಅವಕಾಶ ಒಂದೇ ಸಲ. ತಪ್ಪಿದರೆ ಮೋಟಾರ್ ಸೈಕಲ್ಲನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಮತ್ತೆಂದೂ ಹ್ಯಾಂಡಲ್ ಹಿಡಿಯುವಂತಿಲ್ಲ. ಕೈದಾರಿ ಹಿರಿಯೂರಿನ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. ಇಪ್ಪತ್ತೆರಡನೆಯ ವಯಸ್ಸಿನಿಂದ ನಾನು ಶಾಲೆಗೆ ಹೋಗಿ ಬಂದದ್ದು ಆ ದಾರಿಯಲ್ಲಿ, ನನ್ನ ಮೋಟಾರ್ ಸೈಕಲ್ಲಿನಲ್ಲಿ.

ಯಂತ್ರದ ದಾಖಲೆಯನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಹೋಗದ ಊರಿಗೂ ಹೋದಂತೆ ಅದು ಚಿತ್ರಸಮೇತ ತೋರಿಸಬಲ್ಲದು. ಆದಕಾರಣ ಎಂಬತ್ತು ಕಿಲೋಮೀಟರಿಗೊಂದು ಸಾಕ್ಷಿಕಟ್ಟೆಯಿದೆ. ಊರಿನವರು ಸರದಿಯಂತೆ ಅಲ್ಲಿ ಕುಳಿತು, ಬಂದವರ ಪುಸ್ತಕದಲ್ಲಿ ಹೊತ್ತನ್ನೂ ದೂರವನ್ನೂ ಬರೆದು ಸಹಿ ಮಾಡುತ್ತಾರೆ. ಸವಾರರು ಆ ಪುಸ್ತಕದಲ್ಲಿ ಒಂದು ಚುಕ್ಕೆಯನ್ನೂ ಇಡಬಾರದು. ಇಟ್ಟರೆ ಆ ಸಾಲು ಸಾಕ್ಷಿಯಾಗದು. ಮೊದಲು ಬರೆದವರೇ ಅದನ್ನು ಹೊಡೆದುಹಾಕಿ ಹೊಸದಾಗಿ ಬರೆಯಬೇಕು. ವೇಗದ ಮಿತಿ ಗಂಟೆಗೆ ಎಂಬತ್ತು. ಇಪ್ಪತ್ತು ಗಂಟೆ ಓಟಕ್ಕೆ, ಎರಡು ಗಂಟೆ ಕಟ್ಟೆಗಳಲ್ಲಿ ಬ್ಯಾಟರಿ ಬದಲಿಸಿ ಸಹಿ ಪಡೆಯಲು, ಎರಡು ಗಂಟೆ ಊಟಕ್ಕೆ ಮತ್ತು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಎಂದು ಹಂಚಿಕೊಂಡಿದ್ದೆ.

ನನಗೂ ಅರವತ್ತು ತುಂಬಿತು. ಕಳೆದ ತಿಂಗಳ ಹತ್ತರಂದು ಬೆಳಗಿನ ಐದಕ್ಕೆ ಬೀದರ್ ಬಿಟ್ಟೆ. ಕಲಬುರಗಿ, ಲಿಂಗಸುಗೂರು, ಹೊಸಪೇಟೆಗಳನ್ನು ದಾಟಿ ಹನ್ನೊಂದೂವರೆಗೆ ಕೂಡ್ಲಿಗಿ ಕಟ್ಟೆ ಮುಟ್ಟಿದೆ. ಅಲ್ಲಿ ಸಾಕ್ಷಿಗೆ ಕುಳಿತಿದ್ದವರು ಓಬಯ್ಯ ಎಂಬ ಹಿರಿಯರು. ೪೮೦ ಎಂದು ಬರೆಯುವಲ್ಲಿ ಅವರು ೮೪೦ ಎಂದು ಬರೆದರು. ನಾನು ಜೇಬಿನ ಕೆಂಪು ಪೆನ್ನು ತೆಗೆದು, ಅದನ್ನು ಹೊಡೆದು, ಸರಿಯಾದ ಅಂಕಿ ಬರೆದು, ಅಂಚಿನಲ್ಲಿ ಸಹಿಯನ್ನೂ ಹಾಕಿದೆ. ಯೋಚಿಸಿ ಮಾಡಿದ್ದಲ್ಲ, ದಿನಕ್ಕೆ ನೂರು ಪುಸ್ತಕ ತಿದ್ದಿದ ಕೈ.

“ಟೀಚರಮ್ಮ ಏನ್ರಿ ನೀವು?” ಎಂದು ನಕ್ಕ ಓಬಯ್ಯನವರು ಎರಡೂ ಕಿವಿ ಮುಚ್ಚಿಕೊಂಡರು. “ತಿದ್ದಿದ್ದು ಚಲೋ ಆತು. ಕಿವಿ ಮಾತ್ರ ಹಿಂಡಬ್ಯಾಡ್ರಿ.”

ಚಿತ್ರದುರ್ಗದ ಕಟ್ಟೆಯಲ್ಲಿದ್ದ ತಿಪ್ಪಕ್ಕನವರು ಪುಸ್ತಕ ತೆರೆದವರು ನನ್ನ ಮುಖ ನೋಡಿದರು. “ಈ ಕೆಂಪು ಶಾಯಿ ಯಾರ್ದಮ್ಮ?”

ಬರೆಯಬಾರದ ಪುಸ್ತಕದಲ್ಲಿ ಬರೆದಿದ್ದೇನೆಂದು ಆಗಲೇ ನನಗೆ ಅರಿವಾದದ್ದು.

“ನಾನ್ ನೋಡೇ ಇಲ್ಲ ಅನ್ಕಳಿ,” ಎಂದರು ತಿಪ್ಪಕ್ಕ. “ಬೀದರ್ನೋರು ಎಲ್ಲಾ ಸಾಲೂ ಓದ್ತಾರಾ? ಹೋಗ್ತಾ ಇರಿ.”

ಬಹುಶಃ ಓದುತ್ತಿರಲಿಲ್ಲ. ಆದರೆ ನಕಲು ಮಾಡಿದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದವಳು ನಾನು. ಹಿಂದಕ್ಕೆ ಎಂಬತ್ತು, ಮತ್ತೆ ಮುಂದಕ್ಕೆ ಎಂಬತ್ತು. ಊಟಕ್ಕಿಟ್ಟ ಎರಡು ಗಂಟೆ ಇದಕ್ಕೆ ಸರಿಹೋಗುತ್ತದೆ ಎಂದುಕೊಂಡು ಗಾಡಿ ತಿರುಗಿಸಿದೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ನೆಲತಂಪನ್ನು. ನಮ್ಮ ಬೇಸಿಗೆ ನಿಮ್ಮ ಬೇಸಿಗೆಯಲ್ಲ, ಜನವರಿಯಲ್ಲೇ ಸುಡತೊಡಗುತ್ತದೆ. ಹನ್ನೆರಡರಿಂದ ನಾಲ್ಕರವರೆಗೆ ಕಟ್ಟೆಯ ಸರದಿಯವರ ಹೊರತು ಬಯಲುಸೀಮೆಯ ಊರುಗಳೆಲ್ಲ ಮನೆಯಡಿಯ ತಂಪುಕೋಣೆಗಳಿಗಿಳಿದು ಮಲಗುತ್ತವೆ. ಆ ಹೊತ್ತಿನಲ್ಲಿ ಪರರ ಬಾಗಿಲು ಬಡಿಯುವುದು ದೊಡ್ಡ ಅಮರ್ಯಾದೆ. ಓಬಯ್ಯನವರ ಸರದಿ ಮುಗಿದಿತ್ತು. ನಾನು ಅವರ ಬಾಗಿಲು ಬಡಿದೆ. ಮೂರು ಬೀದಿಗೆ ಕೇಳುವಂತೆ ಬಡಿದೆ. ಅವರು ಮೇಲೆ ಬರಲು ಹದಿನೇಳು ನಿಮಿಷ ಹಿಡಿಯಿತು.

“ತಪ್ಪು ನಂದು, ತಿರುಗಾಟ ನಿಮಗ. ಇದ್ಯಾವ ನ್ಯಾಯ ಟೀಚರಮ್ಮ?” ಎನ್ನುತ್ತ ಅವರು ಹಳೆಯ ಸಾಲು ಹೊಡೆದು, ಒಂದೊಂದೇ ಅಂಕಿ ಉಚ್ಚರಿಸಿ ಹೊಸದನ್ನು ಬರೆದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಮತ್ತೆ ಚಿತ್ರದುರ್ಗ. ತಿಪ್ಪಕ್ಕನವರು ಬೈಯುತ್ತಲೇ ಬಾಳೆಹಣ್ಣು ಸುಲಿದು ನನ್ನ ಬಾಯಿಗಿಟ್ಟರು. ಅದೇ ಅಂದಿನ ಊಟ. ಮುಂದಿನದನ್ನು ನಿಮಗೆ ವಿವರಿಸುವ ಅಗತ್ಯವಿಲ್ಲ. ಅಂಗೈ ಮರಗಟ್ಟುವುದು, ಸೊಂಟ ತನ್ನದಲ್ಲವೆನಿಸುವುದು, ಹೆಲ್ಮೆಟ್ಟಿನೊಳಗೆ ಮಗ್ಗಿ ಹೇಳಿಕೊಳ್ಳುತ್ತ ಎಚ್ಚರವಾಗಿರುವುದು ನಿಮಗೆ ತಿಳಿದದ್ದೇ. ಪ್ರತಿ ಕಟ್ಟೆಯಲ್ಲೂ ಒಂದೊಂದು ನಿಮಿಷ ಉಳಿಸಲು ಹೆಣಗಿದೆ.

ಬೀದರಿನ ಕಟ್ಟೆಯೆದುರು ಗಾಡಿ ನಿಲ್ಲಿಸಿದಾಗ ಐದು ಗಂಟೆ ಹನ್ನೊಂದು ನಿಮಿಷ. ಅಲ್ಲಿಯ ಸಾಕ್ಷಿ ಕಾಶಪ್ಪನವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಪುಸ್ತಕದಲ್ಲಿ ೪-೫೮ ಎಂದು ಬರೆದರು.

“ನಮ್ ಗಡಿಯಾರ ಜರಾ ಮುಂದ ಓಡ್ತದ, ಅಕ್ಕಾರ.”

“ನಿಮ್ಮ ಗಡಿಯಾರ ಸರಿಯಾಗಿಯೇ ಇದೆ, ಕಾಶಪ್ಪನವರೇ. ಇರುವ ಹೊತ್ತನ್ನು ಬರೆಯಿರಿ.”

“ನೂರಾ ಅರವತ್ತು ಹೆಚ್ಚಿಗಿ ಓಡ್ಸೀರಿ. ಹನ್ನೊಂದ್ ಮಿನಿಟಿನ ಸಲುವಾಗಿ ಗಾಡಿ ಬಿಡ್ತೀರಾ?”

ಅವರು ಹೇಳಿದ್ದು ನಿಜ. ಒಂದು ದಿನದಲ್ಲಿ ಸಾವಿರದ ಆರುನೂರು ಓಡಿಸಿದೆಯಾ ಎಂದು ಯಾರಾದರೂ ಕೇಳಿದರೆ, ಓಡಿಸಿದೆ, ಅದಕ್ಕಿಂತ ಹೆಚ್ಚೇ ಓಡಿಸಿದೆ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಆದರೆ ನಿಯಮವಿರುವುದು ಬೀದರಿನಿಂದ ಬೀದರಿಗೆ. ಕಾಶಪ್ಪನವರ ಪೆನ್ನು ಅಲುಗುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ೫-೧೧ ಎಂದು ಬರೆದ ಮೇಲೆ ಅವರು ನನ್ನ ಕಡೆ ನೋಡಲಿಲ್ಲ.

ಅಂದೇ ಗಾಡಿಯನ್ನು ಒಪ್ಪಿಸಿ ತಾನೋಡಿಯಲ್ಲಿ ಊರಿಗೆ ಬಂದೆ. ದಾರಿಯುದ್ದಕ್ಕೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ನಿಮ್ಮಿಂದ ಒಂದು ಉಪಕಾರವಾಗಬೇಕು. ಅರವತ್ತರ ನಿಯಮವನ್ನು ಯಾವ ದುಷ್ಟರೂ ಮಾಡಲಿಲ್ಲ. ಆ ವಯಸ್ಸಿನವರು, ಅದರಲ್ಲೂ ಹೆಂಗಸರು, ಮೋಟಾರ್ ಸೈಕಲ್ ಓಡಿಸುವುದೇ ಇಲ್ಲವೆಂದು ಸವಾರರ ಹಳೆಯ ಪಟ್ಟಿಗಳು ಹೇಳಿದವು. ಇಲ್ಲದವರ ಹಕ್ಕು ತೆಗೆದರೆ ಯಾರಿಗೂ ನಷ್ಟವಿಲ್ಲವೆಂದು ಮುಂದಿನವರು ತೆಗೆದರು. ಆ ಪಟ್ಟಿಗಳು ನಿಮ್ಮ ಕಾಲದವು. ನಿಮ್ಮ ಬೀದಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ನಿಮ್ಮ ಗಾಡಿಯನ್ನು ಸುಮ್ಮನೆ ಮುಟ್ಟಿ ನೋಡುತ್ತಿದ್ದರೆ, ಕೀಲಿಯನ್ನು ಅವರ ಕೈಗೆ ಕೊಡಿ. ಕ್ಲಚ್ಚನ್ನು ಹೇಗೆ ಬಿಡಬೇಕೆಂದು ನಿಧಾನವಾಗಿ ಹೇಳಿಕೊಡಿ. ಎರಡು ಸಲ ಆಫ್ ಆಗುತ್ತದೆ, ನಗಬೇಡಿ. ಮೂರನೆಯ ಸಲ ಹೊರಡುತ್ತದೆ.

ಚಂಪಕಾದೇವಿ