ಹತ್ತಕ್ಕೆ ಎಂಟು

ಸಂಶೋಧಕಿ ಮೇಡಂ ಅವರಿಗೆ ನಮಸ್ಕಾರ.

"ಸೋಷಿಯಲ್ ಮೀಡಿಯಾ ನೋಡಿದ ಮೇಲೆ ನಿಮ್ಮ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ?" ಎಂದು ದಿನಾ ಸಂಜೆ ನನ್ನ ಮಗಳ ಫೋನಿಗೆ ನಿಮ್ಮ ಅಧ್ಯಯನದ ಪ್ರಶ್ನೆ ಬರುತ್ತದೆ. ಮೊದಲ ದಿನ ಅವಳು ಎರಡು ಒತ್ತಲು ಹೋದಳು. ನಾನು ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು. "ಎರಡಾ? ನೋಡಿದವ್ರು ಏನಂದ್ಕೊಳ್ತಾರೆ, ಎಂಟು ಹಾಕಮ್ಮ" ಎಂದೆ. "ಆಯ್ತಪ್ಪ" ಎಂದಳು. ಆಮೇಲೆ ನಲವತ್ತು ದಿನವೂ ಎಂಟೇ ಹಾಕಿದಳು. ನಾನೂ ನಂಬಿದೆ.

ಈಗ ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ. ಯಾಕೆಂದು ಬರೆಯಲು ಕೈ ಓಡುತ್ತಿಲ್ಲ.

ಆ ಎಂಟುಗಳನ್ನೆಲ್ಲ ಹೊಡೆದುಹಾಕಿ, ಅವು ನನ್ನವು. ಪ್ರಶ್ನೆ ಕಳಿಸುವುದನ್ನು ಮಾತ್ರ ನಿಲ್ಲಿಸಬೇಡಿ. ನಿನ್ನೆ ಅದು ಬಂದಾಗ ನಾನು ಎದ್ದು ವರಾಂಡಕ್ಕೆ ಹೋದೆ. ಮರಳಿ ಬಂದಾಗ ಅವಳೇ ಫೋನು ತೋರಿಸಿದಳು. ಮೂರು ಹಾಕಿದ್ದಳು.

ಅದೊಂದನ್ನು ನಂಬಿ.

ಇಂತಿ,
ಎಂಟು ಹಾಕಿಸಿದ ಅಪ್ಪ